ಮಗುವಿಗೆ ಹಣೆಪಟ್ಟಿ ಬೇಡ, ಪಾಠಕ್ಕೆ ಹಲವು ದಾರಿ ಇರಲಿ: 1ರಿಂದ 5ನೇ ತರಗತಿಗೆ ಕಲಿಸುವವರಿಗೊಂದು ಸಮಗ್ರ ಮಾರ್ಗದರ್ಶಿ

ತರಬೇತಿಗಳಲ್ಲಿ ನಾವೆಲ್ಲ ಕೇಳಿಸಿಕೊಂಡಿರುವ ಮಾತು ಇದು: ಕೆಲವು ಮಕ್ಕಳು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ ಕಲಿಯುತ್ತಾರೆ, ಇನ್ನು ಕೆಲವರು ಮಾಡಿ ಕಲಿಯುತ್ತಾರೆ, ಯಾವ ಮಗು ಯಾವ ಗುಂಪಿನದು ಎಂದು ಗುರುತಿಸಿ, ಅದಕ್ಕೆ ತಕ್ಕಂತೆ ಪಾಠ ಮಾಡಿ. ಮೂಡಿಗೆರೆ ಸೀಮೆಯ ಸಣ್ಣ ಶಾಲೆಯೊಂದರಲ್ಲಿ ಎರಡೇ ಕೋಣೆಯಲ್ಲಿ ಐದು ತರಗತಿ ನಡೆಸುವ ನನಗೆ ಈ ಮಾತಿನ ಮೊದಲರ್ಧ ಬಹಳ ಉಪಯೋಗಕ್ಕೆ ಬಂದಿದೆ. ಕಣ್ಣು, ಕಿವಿ, ಕೈ, ಬರವಣಿಗೆ ಈ ನಾಲ್ಕೂ ಪಾಠದೊಳಗೆ ಬಂದರೆ ಮಕ್ಕಳು ಖಂಡಿತ ಚುರುಕಾಗುತ್ತಾರೆ. ಆದರೆ ಮಗುವನ್ನು ಒಂದು ಗುಂಪಿಗೆ ಸೇರಿಸಿ ಕೂರಿಸುವ ಎರಡನೆಯ ಅರ್ಧವನ್ನು ಬಿಟ್ಟುಬಿಡಿ ಎಂದು ಮೊದಲೇ ಹೇಳಿಬಿಡುತ್ತೇನೆ.

ಹೀಗೆ ಹೇಳಲು ಕಾರಣವಿದೆ. ನೋಡುವುದು, ಕೇಳುವುದು, ಓದಿ ಬರೆಯುವುದು, ಮಾಡುವುದು ಎಂಬ ನಾಲ್ಕರ ವಿಂಗಡಣೆ ಜನಪ್ರಿಯವಾದದ್ದು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಅವರಿಂದ. ಕಾಲೀನ್ ಮಿಲ್ಸ್ ಜೊತೆ ಅವರು ಇದರ ಬಗ್ಗೆ 1992ರಲ್ಲಿ ಬರೆದರು. ಇಂಥ ಮಾದರಿಗಳು ಆಮೇಲೆ ಎಷ್ಟು ಹೆಚ್ಚಿದವೆಂದರೆ, 2004ರಲ್ಲಿ ಬ್ರಿಟನ್ನಿನ ಫ್ರಾಂಕ್ ಕಾಫೀಲ್ಡ್ ಅವರ ತಂಡ ಪರಿಶೀಲನೆಗೆ ಕೂತಾಗ 71 ಮಾದರಿಗಳು ಸಿಕ್ಕವು. 2008ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಪ್ಯಾಷ್ಲರ್ ಮತ್ತು ಮೂವರು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿ ನೋಡಿದರು. ಮಗುವಿಗೆ ಇಷ್ಟವಾದ ಶೈಲಿಯಲ್ಲೇ ಕಲಿಸಿದರೆ ಹೆಚ್ಚು ಕಲಿಯುತ್ತದೆ ಎನ್ನಲು ತಕ್ಕ ಪುರಾವೆ ಇಲ್ಲ ಎಂದು ಅವರು ಬರೆದರು. ಬುದ್ಧಿ ಒಂದೇ ಅಲ್ಲ, ಹಲವು ಬಗೆಯದು ಎನ್ನುವ ಬಹುಮುಖ ಬುದ್ಧಿಶಕ್ತಿಯ ಸಿದ್ಧಾಂತವನ್ನು 1983ರಲ್ಲಿ ಮುಂದಿಟ್ಟ ಹೋವರ್ಡ್ ಗಾರ್ಡ್‌ನರ್ ಅವರೂ, ತಮ್ಮ ಸಿದ್ಧಾಂತವನ್ನು ಕಲಿಕಾ ಶೈಲಿಯೊಂದಿಗೆ ಗಂಟುಹಾಕಬೇಡಿ ಎಂದು ಸ್ಪಷ್ಟವಾಗಿ ಹೇಳಿದ್ದಾರೆ.

ಹಾಗಾದರೆ ದಾರಿ ಯಾವುದು? ಪ್ರತಿ ಮಗುವಿಗೂ ಎಲ್ಲ ದಾರಿ ತೆರೆದಿಡುವುದು, ಮತ್ತು ಯಾವ ಪಾಠಕ್ಕೆ ಯಾವ ದಾರಿ ಮೊದಲು ಎಂಬುದನ್ನು ಪಾಠ ನೋಡಿ ತೀರ್ಮಾನಿಸುವುದು. ಕೆಳಗಿನ ಹಂತಗಳೆಲ್ಲ ಇದರ ವಿವರ.

ಹಂತ 1: ಶೈಲಿ ಹುಡುಕುವ ಮೊದಲು ಕಣ್ಣು, ಕಿವಿ, ಮನೆಮಾತು ನೋಡಿ

ಜೂನ್ ತಿಂಗಳ ಮೊದಲ ವಾರಗಳಲ್ಲೇ ಮಾಡಬೇಕಾದ ಕೆಲಸ ಇದು. "ಈ ಹುಡುಗ ಬೋರ್ಡ್ ನೋಡೋದೇ ಇಲ್ಲ, ಕೇಳಿಸಿಕೊಂಡು ಚೆನ್ನಾಗಿ ಹೇಳ್ತಾನೆ" ಎಂದರೆ ಅವನು ಕೇಳಿ ಕಲಿಯುವ ಮಗು ಎಂದು ಬರೆದುಕೊಳ್ಳುವುದು ಸುಲಭ. ಆದರೆ ಅವನಿಗೆ ಬೋರ್ಡೇ ಕಾಣದಿರಬಹುದು. "ಈ ಹುಡುಗಿ ಹೇಳಿದ್ದು ಕೇಳಲ್ಲ, ಪಕ್ಕದವರನ್ನ ನೋಡಿ ಮಾಡ್ತಾಳೆ" ಎಂದರೆ ಅವಳ ಕಿವಿ ಸೋರುತ್ತಿರಬಹುದು. ಮಲೆನಾಡಿನ ಮಳೆಗಾಲದಲ್ಲಿ ಶೀತ, ಕಿವಿನೋವು ಮಕ್ಕಳನ್ನು ಬಿಡುವುದೇ ಇಲ್ಲ. ಹಣೆಪಟ್ಟಿ ಹಚ್ಚಿಬಿಟ್ಟರೆ ಆ ತೊಂದರೆ ವರ್ಷಗಟ್ಟಲೆ ಅದರಡಿ ಮುಚ್ಚಿಹೋಗುತ್ತದೆ. ನನಗೆ ಈ ವಿಷಯದಲ್ಲಿ ಇರುವ ದೊಡ್ಡ ಆತಂಕವೇ ಇದು.

ಕಣ್ಣಿಗೆ ಹೀಗೆ ಮಾಡಿ. ಬೋರ್ಡಿನ ಮೇಲೆ ನೀವು ದಿನಾ ಬರೆಯುವ ಗಾತ್ರದಲ್ಲೇ ಮಕ್ಕಳಿಗೆ ಗೊತ್ತಿರುವ ಅಕ್ಷರ ಅಥವಾ ಚಿತ್ರ ಬರೆಯಿರಿ. ಕೊನೆಯ ಸಾಲಿನಿಂದ ಒಬ್ಬೊಬ್ಬರಾಗಿ ಹೇಳಲಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಒಮ್ಮೆ, ಇನ್ನೊಂದನ್ನು ಮುಚ್ಚಿ ಮತ್ತೊಮ್ಮೆ. ಕಣ್ಣು ಕಿರಿದು ಮಾಡುವ, ತಲೆ ಓರೆ ಮಾಡುವ, ನೋಟ್‌ಬುಕ್ಕನ್ನು ಮೂಗಿಗೆ ತಾಗಿಸಿ ಬರೆಯುವ ಮಕ್ಕಳ ಹೆಸರು ಗುರುತು ಮಾಡಿಕೊಳ್ಳಿ. ಕಿವಿಗೆ, ಮಗುವಿನ ಬೆನ್ನ ಹಿಂದೆ ನಿಂತು ಮೆಲುದನಿಯಲ್ಲಿ "ಚೀಲ ತಗೋ ಪುಟ್ಟಾ" ಎಂದು ಹೇಳಿ ನೋಡಿ. ಬಾಯಿ ಕಾಣದಂತೆ ಹೇಳುವುದು ಮುಖ್ಯ. ಇದು ವೈದ್ಯರ ಪರೀಕ್ಷೆಯಾಗುವುದಿಲ್ಲ, ಯಾರನ್ನು ವೈದ್ಯರಿಗೆ ತೋರಿಸಬೇಕೆಂದು ತಿಳಿಯುತ್ತದೆ ಅಷ್ಟೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಆ ಪಟ್ಟಿಯನ್ನು ಕೈಯಲ್ಲಿಡಿ. ತಂಡ ಬರುವುದು ತಡವಾಗುವಂತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಲು ಮನೆಯವರಿಗೆ ಹೇಳಿ.

ಮೂರನೆಯದು ಮನೆಮಾತು. ಕಾಫಿ ಎಸ್ಟೇಟಿನಲ್ಲಿ ಕೆಲಸಗಾರರು ಇರುವ ಲೈನ್‌ಮನೆಗಳಿಂದ ಬರುವ ಮಕ್ಕಳ ಮನೆಯಲ್ಲಿ ತಮಿಳು ಇರಬಹುದು, ತುಳು ಇರಬಹುದು. ಈಚಿನ ವರ್ಷಗಳಲ್ಲಿ ಅಸ್ಸಾಮಿ, ಬಂಗಾಳಿ, ಹಿಂದಿ ಕೂಡ. ತರೀಕೆರೆ, ಕಡೂರಿನ ತಾಂಡಾಗಳಲ್ಲಿ ಲಂಬಾಣಿ. ಇಂಥ ಮಗು ಮಾತಿನ ಪಾಠದಲ್ಲಿ ಸುಮ್ಮನಿದ್ದು ಕೈಕೆಲಸದಲ್ಲಿ ಅರಳಿದರೆ, ಅದಕ್ಕೆ ಕಾರಣ ಶೈಲಿಯಲ್ಲ, ಭಾಷೆ. ಮಾಡುವ ಚಟುವಟಿಕೆಯಿಂದ ಶುರುಮಾಡಿ, ಮಾಡುವಾಗಲೇ ಕನ್ನಡದ ಮಾತನ್ನು ಜೋಡಿಸಿ: "ಹಾಕು", "ತೆಗಿ", "ಎಷ್ಟು?", "ನಂಗೆ ಕೊಡು". ಕೆಲವು ತಿಂಗಳಲ್ಲಿ ಆ ಮಗು ಕಥೆಗೂ ಕಿವಿಗೊಡಲು ಶುರುಮಾಡುತ್ತದೆ. ಮಾಡಿ ಕಲಿಯುವ ಮಗು ಎಂದು ಮೂಲೆಯಲ್ಲಿ ಮಣ್ಣಾಟಕ್ಕೆ ಬಿಟ್ಟಿದ್ದರೆ ಕನ್ನಡ ಬರುತ್ತಿತ್ತೆ?

ಹಂತ 2: ದಾರಿಯನ್ನು ಪಾಠದಿಂದ ಆರಿಸಿ

ಪಾಠ ತಯಾರಿ ಮಾಡುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ವಿಷಯ ಮೂಲತಃ ಕಣ್ಣಿನದೋ, ಕಿವಿಯದೋ, ಕೈಯದೋ? ಎಲೆಯ ಆಕಾರ ಕಣ್ಣಿನದು. ಎಷ್ಟು ವರ್ಣಿಸಿದರೂ ಕಾಫಿ ಎಲೆಗೂ ಹಲಸಿನ ಎಲೆಗೂ ಇರುವ ವ್ಯತ್ಯಾಸ ನೋಡದೆ ತಿಳಿಯದು. ಲ ಮತ್ತು ಳ ಕಿವಿಯದು. ತೂಕ ಕೈಯದು, ಒಂದು ಕಿಲೋ ಎಂದರೆ ಎಷ್ಟು ಎಂಬುದು ಎತ್ತಿ ನೋಡಿದವರಿಗೇ ಗೊತ್ತು. ಮೊದಲ ದಾರಿ ಹೀಗೆ ನಿಶ್ಚಯವಾದ ಮೇಲೆ ಉಳಿದವನ್ನು ಒಂದೊಂದಾಗಿ ಸೇರಿಸಿ. ಒಂದು ವಿಷಯವನ್ನು ಮಗು ಎರಡು ಮೂರು ಬಗೆಯಲ್ಲಿ ಮುಟ್ಟಿದಾಗ ನೆನಪಿಗೆ ಹಿಡಿತ ಹೆಚ್ಚು. ನಾಲ್ಕನ್ನೂ ಒಂದೇ ಪೀರಿಯಡ್ಡಿಗೆ ತುರುಕಬೇಡಿ. ಗದ್ದಲವಾಗುತ್ತದೆ, ಕಲಿಕೆ ಆಗುವುದಿಲ್ಲ.

ಹಂತ 3: ಒಂದು ಗಣಿತ ಪಾಠವನ್ನು ಕೈಯಿಂದ ಅಂಕಿಯವರೆಗೆ ಒಯ್ಯುವುದು

ಹತ್ತು ಮತ್ತು ಬಿಡಿ. ಕೆಳಗಿನ ತರಗತಿಗಳ ಗಣಿತದಲ್ಲಿ ಇದು ಗಟ್ಟಿಯಾದರೆ ಮುಂದಿನ ಅರ್ಧ ತೊಂದರೆ ಹುಟ್ಟುವುದೇ ಇಲ್ಲ ಎಂಬುದು ನನ್ನ ಅನುಭವ. ಅದಕ್ಕೇ ಇಲ್ಲಿ ವಿವರವಾಗಿ ಬರೆಯುತ್ತೇನೆ.

"ಇಪ್ಪತ್ಮೂರು ಬರಿ" ಎಂದರೆ 203 ಎಂದು ಬರೆಯುವ ಮಕ್ಕಳನ್ನು ನೀವೂ ನೋಡಿರುತ್ತೀರಿ. ಮಗು ಅಜಾಗರೂಕತೆಯಿಂದ ಬರೆದದ್ದಲ್ಲ. ಕಿವಿಗೆ ಬಿದ್ದದ್ದನ್ನು ನಿಷ್ಠೆಯಿಂದ ಬರೆದಿದೆ. ಇಪ್ಪತ್ತು ಕೇಳಿಸಿತು, 20 ಬರೆಯಿತು. ಮೂರು ಕೇಳಿಸಿತು, 3 ಬರೆಯಿತು. ಕೇಳುವ ದಾರಿಯೊಂದರಿಂದಲೇ ಸಂಖ್ಯೆ ಕಲಿಸಿದರೆ ಆಗುವುದು ಇದೇ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ ಕ್ರಮ ಇಲ್ಲಿ ಸರಿಹೊಂದುತ್ತದೆ: ಮೊದಲು ಕೈಯಲ್ಲಿ ಮಾಡುವುದು, ಆಮೇಲೆ ಚಿತ್ರ, ಆಮೇಲೆ ಸಂಕೇತ.

ಕೈ: ತೆಂಗಿನ ಗರಿಯ ಕಡ್ಡಿಗಳನ್ನು ಬೆರಳುದ್ದಕ್ಕೆ ಕತ್ತರಿಸಿಡಿ. ಒಂದೊಂದು ಜೋಡಿಗೆ ಒಂದೊಂದು ಹಿಡಿ ಕೊಡಿ. ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕಬೇಕು. ಕಟ್ಟುಗಳನ್ನು ನೀವೇ ಕಟ್ಟಿ ತರಬೇಡಿ. ಹತ್ತು ಬಿಡಿ ಸೇರಿ ಒಂದು ಕಟ್ಟು ಆಗುವ ಕೆಲಸ ಮಗುವಿನ ಬೆರಳಿನಿಂದಲೇ ನಡೆಯಬೇಕು, ಪಾಠ ಇರುವುದೇ ಅಲ್ಲಿ. ಈಗ "23 ಕಡ್ಡಿ ತೋರ್ಸಿ" ಎಂದಾಗ ಎರಡು ಕಟ್ಟು, ಮೂರು ಬಿಡಿ ಮೇಲೆ ಬರುತ್ತವೆ.

ಕಿವಿ: ಅದೇ ಹೊತ್ತಿಗೆ ಮಾತು ಸೇರಲಿ. "ಎರಡು ಹತ್ತು, ಮೂರು ಬಿಡಿ, ಇಪ್ಪತ್ಮೂರು." ನೀವು ಮೊದಲ ಅರ್ಧ ಹೇಳಿ, ಮಕ್ಕಳು ಎರಡನೆಯ ಅರ್ಧ ಹೇಳಲಿ, ಮತ್ತೆ ಅದಲುಬದಲು. ಹನ್ನೊಂದರಿಂದ ಹತ್ತೊಂಬತ್ತರವರೆಗೆ ಹೆಚ್ಚು ಹೊತ್ತು ನಿಲ್ಲಿ. "ಹನ್ನೆರಡು" ಎಂಬ ಮಾತಿನೊಳಗೆ ಹತ್ತು ಇದೆ ಎಂಬುದು ದೊಡ್ಡವರಿಗೆ ಹೊಳೆದಷ್ಟು ಸಲೀಸಾಗಿ ಮಕ್ಕಳಿಗೆ ಹೊಳೆಯದು.

ಮೈ: ಅಂಗಳದಲ್ಲಿ ಸುಣ್ಣದ ಗೆರೆ ಎಳೆಯಿರಿ. ಒಂದು ದೊಡ್ಡ ಹಾರು ಅಂದರೆ ಹತ್ತು, ಒಂದು ಹೆಜ್ಜೆ ಅಂದರೆ ಒಂದು. ಒಬ್ಬಳು ಹಾರುತ್ತಾಳೆ, ಉಳಿದವರು ಸಂಖ್ಯೆ ಹೇಳುತ್ತಾರೆ. ಹತ್ತು ನಿಮಿಷ ಸಾಕು. ಇದರ ಬೆಲೆ ಉತ್ಸಾಹದಲ್ಲಿದೆ. ಹೆಚ್ಚು ಹೊತ್ತು ಎಳೆದರೆ ಹಾರುವುದಷ್ಟೇ ಉಳಿದು ಸಂಖ್ಯೆ ಮರೆಯುತ್ತದೆ.

ಚಿತ್ರ: ಮರುದಿನ ಕಡ್ಡಿಗಳನ್ನು ಪಕ್ಕಕ್ಕಿಟ್ಟು ಸ್ಲೇಟಿನಲ್ಲಿ ಬರೆಯಲಿ. ಹತ್ತಕ್ಕೆ ಉದ್ದ ಗೆರೆ, ಬಿಡಿಗೆ ಚುಕ್ಕಿ. ಚಿತ್ರ ಅಂದವಾಗಿರಬೇಕಿಲ್ಲ. ಕಟ್ಟಿನೊಳಗಿನ ಹತ್ತು ಕಡ್ಡಿಯನ್ನೂ ಬಿಡಿಸಲು ಕೂತವರಿಗೆ "ಒಂದ್ ಗೆರೆ ಸಾಕು ಮರಿ" ಎಂದು ಹೇಳಿ. ಕಟ್ಟನ್ನು ಒಂದು ಎಂದು ಕಾಣುವ ಕಣ್ಣು ಹೀಗೆ ಬೆಳೆಯುತ್ತದೆ.

ಅಂಕಿ: ಚಿತ್ರದ ಕೆಳಗೆ 2, 3. ಹತ್ತು, ಬಿಡಿ ಎಂದು ಎರಡು ಮನೆ ಎಳೆದು ತುಂಬಿಸಲಿ. 203 ಬರೆದ ಮಗುವಿಗೆ ತಪ್ಪು ಹಾಕುವ ಬದಲು "ಇಷ್ಟು ಕಡ್ಡಿ ತೋರ್ಸು" ಎನ್ನಿ. ನೂರರ ಕಟ್ಟು ತನ್ನ ಹತ್ತಿರ ಇಲ್ಲವೆಂದು ತಾನೇ ಕಂಡುಕೊಳ್ಳುತ್ತದೆ.

ಕಳೆಯುವಿಕೆಗೆ ಬಂದಾಗ ಈ ತಯಾರಿಯ ಫಲ ಕಾಣುತ್ತದೆ. ನಮ್ಮ ಕಡೆ ಡಿಸೆಂಬರಿನಿಂದ ಕಾಫಿ ಕುಯ್ಲಿನ ಮಾತು ಎಲ್ಲ ಮನೆಯಲ್ಲೂ ಇರುತ್ತದೆ. ಲೆಕ್ಕವನ್ನೂ ಅಲ್ಲಿಂದಲೇ ಎತ್ತಿಕೊಳ್ಳಿ: ಅಮ್ಮ 52 ಕೆಜಿ ಹಣ್ಣು ಕುಯ್ದರು, ಚಿಕ್ಕಮ್ಮ 27 ಕೆಜಿ ಕುಯ್ದರು, ಯಾರು ಎಷ್ಟು ಹೆಚ್ಚು? ಐದು ಕಟ್ಟು, ಎರಡು ಬಿಡಿ ಮುಂದಿವೆ. ಏಳು ಬಿಡಿ ತೆಗೆಯಬೇಕು, ಇರುವುದು ಎರಡೇ. ಮಕ್ಕಳು ಒಂದು ಕ್ಷಣ ಸುಮ್ಮನಾಗುತ್ತಾರೆ. ಆಗ ನೀವೂ ಸುಮ್ಮನಿರಿ. ಯಾರಾದರೂ ಒಬ್ಬರು "ಒಂದ್ ಕಟ್ಟು ಬಿಚ್ಲಾ ಟೀಚರ್?" ಎಂದೇ ಎನ್ನುತ್ತಾರೆ. ಬಿಚ್ಚಿದರೆ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ತೆಗೆದರೆ ಐದು, ಎರಡು ಕಟ್ಟು ತೆಗೆದರೆ ಎರಡು. ಉತ್ತರ 25. ಕಡ್ಡಿ ಬಿಚ್ಚಿದ ಕೈಗೆ "ಪಕ್ಕದ ಮನೆಯಿಂದ ಸಾಲ" ಎಂಬ ಮಂತ್ರ ಬೇಕಾಗುವುದಿಲ್ಲ. 35 ಎಂದು ಬರೆದ ಮಕ್ಕಳು ಏಳರಿಂದ ಎರಡನ್ನು ಕಳೆದಿದ್ದಾರೆ, ಅಂದರೆ ದೊಡ್ಡದರಿಂದ ಚಿಕ್ಕದು ಎಂಬ ಅಭ್ಯಾಸಕ್ಕೆ ಬಿದ್ದಿದ್ದಾರೆ. ಅವರನ್ನು ಮತ್ತೆ ಕಡ್ಡಿಗೆ ಕರೆತನ್ನಿ.

ಕಡ್ಡಿಯನ್ನು ಯಾವಾಗ ಬಿಡಿಸಬೇಕು? ಕಡ್ಡಿ ಮುಟ್ಟುವ ಮೊದಲೇ ಮಗು ಉತ್ತರ ಹೇಳಿ, ಆಮೇಲೆ ತಾಳೆ ನೋಡಲು ಕಡ್ಡಿ ಹಿಡಿದರೆ, ಬಿಡಿಸುವ ಕಾಲ ಬಂದಿದೆ. ಮಾಡಿ ಕಲಿಯುವ ಮಗು ಎಂದು ಐದನೇ ತರಗತಿಯವರೆಗೂ ಕಡ್ಡಿ ಕೊಡುವುದು ಅನ್ಯಾಯ. ಆ ಮಗು ಮನಸ್ಸಿನಲ್ಲೇ ಲೆಕ್ಕ ಮಾಡುವ ಸಂತೋಷದಿಂದ ವಂಚಿತವಾಗುತ್ತದೆ.

ಹಂತ 4: ಅಕ್ಷರಕ್ಕೆ ಕಿವಿ, ಕಣ್ಣು, ಕೈ ಮೂರೂ

ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳ ಚಟುವಟಿಕೆ ಪದ್ಧತಿಯಾದ ನಲಿಕಲಿಯಲ್ಲಿ ಪಾಠ ಮಾಡಿದವರಿಗೆ ಅಕ್ಷರಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಶುರುಮಾಡುವುದು ಗೊತ್ತು. ಬರೆಯಲು ಸಲೀಸು, ಆಕಾರ ಹತ್ತಿರ, ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಎಂಬ ಪದಗಳೂ ಹುಟ್ಟುತ್ತವೆ. ಬರೆಸುವ ಮೊದಲು ಚಪ್ಪಾಳೆ ಹೊಡೆಸಿ: ಗ-ರ-ಗ-ಸ, ನಾಲ್ಕು ಚಪ್ಪಾಳೆ, ನಾಲ್ಕು ಅಕ್ಷರ. ಕನ್ನಡದಲ್ಲಿ ಚಪ್ಪಾಳೆಗೂ ಬರೆಯುವ ಅಕ್ಷರಕ್ಕೂ ಬಹುಮಟ್ಟಿಗೆ ತಾಳೆಯಾಗುತ್ತದೆ, ಇದು ನಮಗಿರುವ ದೊಡ್ಡ ಅನುಕೂಲ. ದೀರ್ಘಕ್ಕೆ ಕೈಗಳನ್ನು ಅಗಲಿಸಿ ಎಳೆಯಲಿ. ಆಮೇಲೆ ಮರಳಿನ ತಟ್ಟೆಯಲ್ಲಿ ಬೆರಳಿನಿಂದ, ಆಮೇಲೆ ಸ್ಲೇಟು. ಹುಣಸೆ ಬೀಜ ಜೋಡಿಸಿ ಅಕ್ಷರ ಮಾಡುವುದು ಚೆಂದವೇ. ಆದರೆ ಬೀಜ ಇಡುವಾಗ ಬರವಣಿಗೆಯ ದಿಕ್ಕು ತಪ್ಪಬಹುದು, ಎಲ್ಲಿಂದ ಶುರು ಎಂಬುದಕ್ಕೆ ಒಂದು ಬಣ್ಣದ ಚುಕ್ಕಿ ಇಟ್ಟುಕೊಡಿ.

ಹಾಸನ, ಚಿಕ್ಕಮಗಳೂರಿನ ಹಳ್ಳಿಗಳಲ್ಲಿ ಅನೇಕ ಮನೆಗಳ ಮಾತಿನಲ್ಲಿ ಹಕಾರ ಬಿದ್ದುಹೋಗುತ್ತದೆ. ಹಾಲು ಆಲಾಗುತ್ತದೆ, ಹಳ್ಳ ಅಳ್ಳವಾಗುತ್ತದೆ. ಮಗು ಹಾಗೆಯೇ ಬರೆದರೆ ಗದರಬೇಡಿ. ಅದು ಮನೆಯವರ ಮಾತು, ಆ ಮಾತಿಗೆ ಶಾಲೆಯಲ್ಲಿ ಅವಮಾನ ಆಗಕೂಡದು. ಕಿವಿಯ ಆಟದಿಂದ ಕಲಿಸಿ: ಹಾಡು–ಆಡು, ಹತ್ತು–ಅತ್ತು, ಹರಳು–ಅರಳು. ಎರಡು ಚಿತ್ರ ಇಡಿ, ನೀವು ಹೇಳಿದ್ದನ್ನು ಮಗು ಮುಟ್ಟಲಿ. ಬಾಯಿಯ ಮುಂದೆ ಅಂಗೈ ಹಿಡಿದರೆ ಹಕಾರದ ಉಸಿರು ತಾಗುತ್ತದೆ, ಕೈಯೂ ಕಿವಿಗೆ ನೆರವಾಗುತ್ತದೆ. ಇದೇ ರೀತಿ ಹುಲಿ–ಹುಳಿ, ಬೆಲೆ–ಬೆಳೆ, ಮನೆ–ಮಣೆ, ಆನೆ–ಆಣೆ. ಸಕಲೇಶಪುರ, ಆಲೂರು ಕಡೆಯ ಮಕ್ಕಳಿಗೆ ಆನೆ ಎಂದರೆ ತೋಟಕ್ಕೆ ಬರುವ ಆನೆ. ಆ ಪದ ಬಂದಾಗ ತರಗತಿ ತಾನಾಗಿ ಕಥೆಗೆ ತಿರುಗುತ್ತದೆ. ತಿರುಗಲಿ ಬಿಡಿ, ಆ ಕಥೆಯ ಐದು ಪದ ಬೋರ್ಡಿಗೆ ತನ್ನಿ.

ಅರ್ಕಾವತ್ತು ಬಂದಾಗ ಕಿವಿಗೂ ಕಣ್ಣಿಗೂ ಜಗಳವೇ ಆಗುತ್ತದೆ. ಸೂರ್ಯ ಎನ್ನುವಾಗ ರಕಾರ ಮೊದಲು ಕೇಳಿಸುತ್ತದೆ, ಬರೆಯುವಾಗ ಯಕಾರದ ನಂತರ ಕೂರುತ್ತದೆ. ಎಷ್ಟು ಸಲ ಕಾಪಿ ಬರೆಸಿದರೂ ಇದು ತಿಳಿಯದ ಮಕ್ಕಳಿಗೆ ಮೂರು ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಮಾಡಿಕೊಡಿ: ಸೂ, ರ್, ಯ. ಮೊದಲು ಕೇಳಿಸಿದ ಕ್ರಮದಲ್ಲಿ ಜೋಡಿಸಿ ಓದಲಿ. ಆಮೇಲೆ ರ್ ಪಟ್ಟಿಯನ್ನು ಎತ್ತಿ ಯ ದಾಟಿಸಿ ಹಿಂದೆ ಇಡಲಿ, ಅದನ್ನು ಮಗುಚಿದರೆ ಹಿಂಬದಿಯಲ್ಲಿ ಅರ್ಕಾವತ್ತಿನ ಗುರುತು ಇರಲಿ. ಕರ್ಣ, ಅರ್ಧ, ಮಾರ್ಗ, ತೀರ್ಥ ಹೀಗೆ ನಾಲ್ಕು ಪದದಲ್ಲಿ ಕೈ ಆ ದಾಟುವಿಕೆಯನ್ನು ಮಾಡಿದರೆ ನಿಯಮವನ್ನು ಬಾಯಿಪಾಠ ಮಾಡಿಸಬೇಕಿಲ್ಲ. ಒತ್ತಕ್ಷರಕ್ಕೆ ಬಣ್ಣದ ಸೀಮೆಸುಣ್ಣ ಸಾಕು.

ಹಂತ 5: ಪರಿಸರ ಪಾಠಕ್ಕೆ ಅಂಗಳವೇ ನಕ್ಷೆ

ನದಿಗಳ ಪಾಠವನ್ನು ನಾಲ್ಕು, ಐದನೇ ತರಗತಿಗೆ ಮಾಡುವಾಗ ಚಿಕ್ಕಮಗಳೂರಿನವರಷ್ಟು ಅದೃಷ್ಟವಂತರು ಇಲ್ಲ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಕಡೆ. ಸಕಲೇಶಪುರ ದಾಟಿ, ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಕಾವೇರಿಗೆ ಸೇರುತ್ತದೆ. ಬಾಬಾಬುಡನ್‌ಗಿರಿ ಬೆಟ್ಟಸಾಲಿನ ಯಗಚಿ ಬೇಲೂರಿನ ಮೇಲೆ ಹಾದು ಹೇಮಾವತಿಯನ್ನು ಕೂಡಿಕೊಳ್ಳುತ್ತದೆ. ಕುದುರೆಮುಖದ ಗಂಗಾಮೂಲದಲ್ಲಿ ತುಂಗೆ, ಭದ್ರೆ ಹುಟ್ಟಿ ಕೂಡಲಿಯಲ್ಲಿ ಒಂದಾಗುತ್ತವೆ. ಅದೇ ಬೆಟ್ಟದ ನೇತ್ರಾವತಿ ಪಡುವಣ ಕಡಲಿಗೆ ಇಳಿಯುತ್ತದೆ.

ಇಷ್ಟನ್ನು ಹೇಳಿ ಬರೆಸಿದರೆ ಹೆಸರುಗಳ ಪಟ್ಟಿ. ಮೊದಲು ಅಂಗಳದಲ್ಲಿ ಮಣ್ಣು ಗುಡ್ಡೆ ಹಾಕಿಸಿ, ಉದ್ದನೆಯ ಬೆಟ್ಟಸಾಲು ಮಾಡಿಸಿ. ನೆತ್ತಿಯ ಮೇಲೆ ಚೊಂಬಿನಿಂದ ಮೆಲ್ಲಗೆ ನೀರು ಬಿಡಲಿ. ನೀರು ಎರಡೂ ಕಡೆ ಇಳಿಯುತ್ತದೆ. ಒಂದೇ ಬೆಟ್ಟದ ನೀರು ಪೂರ್ವಕ್ಕೂ ಪಶ್ಚಿಮಕ್ಕೂ ಹೋಗುವುದು ಹೇಗೆಂಬ ಪ್ರಶ್ನೆ ಮಕ್ಕಳ ಬಾಯಲ್ಲೇ ಬರುತ್ತದೆ. ಆಗ ನದಿಗಳ ಹೆಸರು ಹೇಳಿ, ಚೀಟಿ ಬರೆದು ಕಡ್ಡಿಗೆ ಸಿಕ್ಕಿಸಿ ನೆಡಿಸಿ. ಅಣೆಕಟ್ಟೆಗೆ ಒಂದು ಹೆಂಚಿನ ಚೂರು. ಒಳಗೆ ಬಂದು ಜಿಲ್ಲೆಯ ನಕ್ಷೆಯ ಮೇಲೆ ಬೆರಳಾಡಿಸಿ ಅದೇ ದಾರಿ ಹುಡುಕಲಿ, ಆಮೇಲೆ ತಮ್ಮ ಮನೆ ಹತ್ತಿರದ ಹಳ್ಳದ ನೀರು ಯಾವ ನದಿಗೆ ಹೋಗುತ್ತದೆಂದು ಅಜ್ಜ ಅಜ್ಜಿಯನ್ನು ಕೇಳಿಕೊಂಡು ಬಂದು ನಾಲ್ಕು ಸಾಲು ಬರೆಯಲಿ.

ಪ್ರವಾಸಕ್ಕೂ ಇದೇ ಲೆಕ್ಕ. ಬೇಲೂರು, ಹಳೇಬೀಡಿಗೆ ಕರೆದೊಯ್ದು ಎಲ್ಲವನ್ನೂ ತೋರಿಸಿ ಸುಸ್ತಾಗುವುದಕ್ಕಿಂತ, ಮಕ್ಕಳಿಗೆ ಒಂದು ಕೆಲಸ ಕೊಡಿ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ತಳಪಟ್ಟಿಕೆಯಲ್ಲಿ ಕೆಳಗಿನಿಂದ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಹೀಗೆ ಸಾಲುಗಳಿವೆ. ಒಂದೊಂದು ಗುಂಪಿಗೆ ಒಂದೊಂದು ಸಾಲು. ಕೂತು ಬಿಡಿಸಲಿ, ಎರಡು ಆನೆ ಒಂದೇ ಥರ ಇವೆಯೇ ಎಂದು ಹುಡುಕಲಿ. 1117ರಲ್ಲಿ ಬೇಲೂರಿನ ಚೆನ್ನಕೇಶವ ದೇಗುಲ ಪ್ರತಿಷ್ಠೆಯಾಯಿತು, 2023ರಲ್ಲಿ ಈ ಹೊಯ್ಸಳ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು ಎಂಬ ಮಾತನ್ನು ಬಿಡಿಸಿದ ಮೇಲೆ ಹೇಳಿ. ಕೈ ಆ ಕಲ್ಲಿನ ಗೆರೆಯನ್ನು ಹಿಂಬಾಲಿಸಿದ ಮೇಲೆ ವರ್ಷಗಳಿಗೂ ಅರ್ಥ ಬರುತ್ತದೆ.

ಹಂತ 6: ಮಳೆ ಪಾಠ, ಬಿಸಿಲು ಪಾಠ ಎಂದು ಎರಡು ಕಟ್ಟು ಇಟ್ಟುಕೊಳ್ಳಿ

ಹೊರಗಿನವರು ಬರೆದ ಕೈಪಿಡಿಗಳಲ್ಲಿ ಇದು ಸಿಗುವುದಿಲ್ಲ. ಜುಲೈನಲ್ಲಿ ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಮೊದಲ ಸಾಲಿಗೇ ದನಿ ಮುಟ್ಟುವುದಿಲ್ಲ. ಕಿರುಚಿ ಕಥೆ ಹೇಳಿದರೆ ನಿಮ್ಮ ಗಂಟಲು ಹೋಗುತ್ತದೆ, ಮಕ್ಕಳಿಗೆ ಕಥೆಯೂ ಸಿಗುವುದಿಲ್ಲ. ಅಂಥ ಹೊತ್ತಿಗೆ ಕಣ್ಣು, ಕೈಯ ಕೆಲಸಗಳನ್ನು ಪ್ರತ್ಯೇಕ ಚೀಲದಲ್ಲಿ ಕಟ್ಟಿಟ್ಟಿರಿ: ಪದ–ಚಿತ್ರ ಜೋಡಿಸುವ ಪಟ್ಟಿಗಳು, ಚೆನ್ನೆಮಣೆ, ಸ್ಲೇಟಿನಲ್ಲಿ ಉತ್ತರ ಬರೆದು ಮೇಲೆತ್ತಿ ತೋರಿಸುವ ಲೆಕ್ಕ, ಮೂಕಾಭಿನಯದಿಂದ ಕ್ರಿಯಾಪದ ಊಹಿಸುವ ಆಟ. ಶುರು, ನಿಲ್ಲಿಸಿ, ಜೋಡಿಯಾಗಿ, ನನ್ನ ಕಡೆ ನೋಡಿ ಈ ನಾಲ್ಕಕ್ಕೆ ಕೈಸನ್ನೆ ಜೂನ್‌ನಲ್ಲೇ ಕಲಿಸಿಡಿ. ಕರೆಂಟ್ ಹೋಗಿ ಕತ್ತಲಾಗುವುದರಿಂದ ಚಿಕ್ಕ ಅಕ್ಷರದ ಕೆಲಸ ಕಿಟಕಿ ಪಕ್ಕದಲ್ಲೇ ಇರಲಿ. ಮಳೆ ನಿಂತ ಕೂಡಲೆ ಕಥೆ, ಹಾಡು, ಗಟ್ಟಿ ಓದು. ಪೀರಿಯಡ್ ಪಟ್ಟಿ ಏನೇ ಹೇಳಲಿ, ಆ ಮೌನದ ಅರ್ಧ ಗಂಟೆಯನ್ನು ಬಿಡಬೇಡಿ.

ಕಡೂರು, ಅರಸೀಕೆರೆಯ ಬಯಲು ಸೀಮೆಯವರಿಗೆ ಈ ತೊಡಕಿಲ್ಲ. ಅವರಿಗೆ ಬೇಸಗೆಯ ಮಧ್ಯಾಹ್ನ ಕಷ್ಟ. ಬಿಸಿಯೂಟದ ಮೇಲೆ ಬೇವಿನ ನೆರಳಲ್ಲಿ ಕೇಳುವ ಪಾಠ, ಬೆಳಗಿನ ತಂಪಿನಲ್ಲಿ ಓಡಾಡುವ ಪಾಠ.

ಹಂತ 7: ಹಲವು ತರಗತಿ ಒಂದೇ ಕೋಣೆಯಲ್ಲಿದ್ದಾಗ

ನಲಿಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರ ಗುಂಪುಗಳು ಮಗು ಎಂಥದು ಎಂದು ಹೇಳುವುದಿಲ್ಲ, ಈ ಹೊತ್ತಿಗೆ ಮಗುವಿಗೆ ಎಷ್ಟು ನೆರವು ಬೇಕೆಂದು ಹೇಳುತ್ತವೆ: ಪೂರ್ಣ ಶಿಕ್ಷಕರ ಸಹಾಯ, ಭಾಗಶಃ ಶಿಕ್ಷಕರ ಸಹಾಯ, ಸಹಪಾಠಿಗಳ ಸಹಾಯ, ಭಾಗಶಃ ಸಹಪಾಠಿಗಳ ಸಹಾಯ, ಸ್ವಕಲಿಕೆ. ಮಗು ದಿನದಿನಕ್ಕೂ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿರುತ್ತದೆ. ಗುಂಪು ಮಾಡಬೇಕೆಂದರೆ ಇದಕ್ಕಿಂತ ಒಳ್ಳೆಯ ಕ್ರಮ ನನಗೆ ಕಂಡಿಲ್ಲ.

ಕೊರತೆ ಇರುವುದು ಮುಂದೆ. ಮೂರನೇ ತರಗತಿವರೆಗೆ ಪಟ್ಟಿ, ಹಾಡು, ಮಕ್ಕಳ ಕೆಲಸ ನೇತುಹಾಕುವ ಚಪ್ಪರ ಎಂದು ಓಡಾಡಿದ ಮಗು ನಾಲ್ಕಕ್ಕೆ ಬಂದ ಕೂಡಲೆ ಬೆಂಚು, ಪುಸ್ತಕ, ಪ್ರಶ್ನೋತ್ತರಕ್ಕೆ ಕಟ್ಟಿಬೀಳುತ್ತದೆ. ನಾಲ್ಕು ಐದರವರಿಗೆ ವಾರಕ್ಕೆ ಎರಡು ಪಾಠವನ್ನಾದರೂ ಗುಂಪಿನಲ್ಲಿ ಮಾಡಿಸಿ, ಕಿರಿಯರಿಗೆ ಅವರಿಂದ ಪಾಠ ಹೇಳಿಸಿ. ಮಕ್ಕಳು ಬ್ಯಾಗಿಲ್ಲದೆ ಬರುವ ಸಂಭ್ರಮ ಶನಿವಾರವನ್ನು ಇದಕ್ಕೆ ಬಳಸಿಕೊಳ್ಳಬಹುದು.

ಹಂತ 8: ಸಾಮಗ್ರಿ

ದುಡ್ಡು ಬೇಕಿಲ್ಲ. ಹುಣಸೆ ಬೀಜ, ಅಂಟುವಾಳ, ಬೆಣಚುಕಲ್ಲು, ರಟ್ಟು, ಹಳೆಯ ಕ್ಯಾಲೆಂಡರು, ತಕ್ಕಡಿ. ಒಂದು ಎಚ್ಚರಿಕೆ ಮಾತ್ರ ದಯವಿಟ್ಟು ಮರೆಯಬೇಡಿ: ಗುಲಗಂಜಿಯನ್ನೂ ಹರಳು ಬೀಜವನ್ನೂ ಎಣಿಕೆಗೆ ಕೊಡಬೇಡಿ. ನೋಡಲು ಚೆಂದ, ಆದರೆ ಎರಡೂ ಘೋರ ವಿಷ. ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಒಂದನೇ ತರಗತಿಯವರ ಕೈಗೆ ಮೂಗಿನೊಳಗೆ ಹೋಗುವಂಥ ಸಣ್ಣ ಬೀಜವೂ ಬೇಡ.

ಹಂತ 9: ತಿಳಿದದ್ದನ್ನು ತೋರಿಸಲು ಹಲವು ಬಾಗಿಲು, ಬರೆಯುವುದರಿಂದ ವಿನಾಯಿತಿ ಇಲ್ಲ

ಪಾಠ ಮುಗಿದ ಮೇಲೆ ಮಗು ಹೇಳಬಹುದು, ಬಿಡಿಸಬಹುದು, ಮಾಡಿ ತೋರಿಸಬಹುದು, ಬರೆಯಬಹುದು. ಮೊದಲ ಸಲ ಯಾವುದನ್ನು ಆರಿಸಿಕೊಂಡರೂ ಸರಿ. ಮಾತಾಡಲು ನಾಚುವ ಮಗು ಚಿತ್ರ ಬಿಡಿಸಿ, ಅದಕ್ಕೆ ಬೆರಳು ತೋರಿಸುತ್ತ ಮಾತು ಶುರುಮಾಡುವುದುಂಟು. ಆದರೆ ಎರಡನೆಯ ಸಲ ಬೇರೆ ಬಾಗಿಲು. ಚೆನ್ನಾಗಿ ಹೇಳುವವಳು ಬರೆಯಲಿ, ಚೆನ್ನಾಗಿ ಬರೆಯುವವನು ಎದ್ದುನಿಂತು ಹೇಳಲಿ. ಮಗುವಿಗೆ ಕಷ್ಟವಾದದ್ದನ್ನು ಪ್ರೀತಿಯಿಂದ ಮಾಡಿಸುವುದೂ ನಮ್ಮ ಕೆಲಸವೇ.

ಮರುದಿನ ಬೆಳಿಗ್ಗೆ ಪುಸ್ತಕ ಮುಚ್ಚಿಸಿ ನಿನ್ನೆಯ ಮೂರು ಪ್ರಶ್ನೆ ಕೇಳಿ, ವಾರ ಬಿಟ್ಟು ಮತ್ತೆ ಕೇಳಿ. ನೆನಪಿನಿಂದ ಎತ್ತಿ ಹೇಳುವುದು ಮತ್ತೆ ಓದುವುದಕ್ಕಿಂತ ಹೆಚ್ಚು ಗಟ್ಟಿ ಎಂದು 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಪ್ರಯೋಗ ಮಾಡಿ ತೋರಿಸಿದರು. ಆಟ, ಹಾಡು, ಮಣ್ಣಿನ ಬೆಟ್ಟ ಏನೇ ಮಾಡಿಸಿದ್ದರೂ ಈ ಮೂರು ಪ್ರಶ್ನೆ ತಪ್ಪಿಸಬೇಡಿ. ಮಕ್ಕಳು ನಲಿದರೋ, ಕಲಿತೂ ಇದ್ದಾರೋ ಎಂದು ತಿಳಿಯುವುದು ಆಗಲೇ.

ಹಂತ 10: ದಾಖಲೆಯಲ್ಲಿ ಏನು ಬರೆಯಬೇಕು

ಮಕ್ಕಳ ಕಲಿಕೆ ಗುರುತಿಸುವ ಪ್ರಗತಿ ನೋಟದ ಪಕ್ಕದಲ್ಲಿ ನಿಮ್ಮದೊಂದು ನೋಟ್‌ಬುಕ್ ಇಡಿ, ಮಗುವಿಗೊಂದು ಪುಟ. "ನೋಡಿ ಕಲಿಯುತ್ತಾನೆ", "ಮಾಡಿ ಕಲಿಯುತ್ತಾಳೆ" ಎಂದು ಬರೆದರೆ ಮುಂದಿನ ಶಿಕ್ಷಕರಿಗೆ ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ: "ಎರಡಂಕಿ ಕಳೆಯುವುದು ಕಡ್ಡಿಯಿಂದ ಬರುತ್ತದೆ, ಬರೆದು ಇನ್ನೂ ಬಂದಿಲ್ಲ. ಲ–ಳ ಕೇಳಿ ಗುರುತಿಸುತ್ತಾಳೆ, ಬರೆಯುವಾಗ ತಪ್ಪುತ್ತಾಳೆ. ಬಲಕಿವಿ ಸೋರುತ್ತಿತ್ತು, ಆಗಸ್ಟಿನಲ್ಲಿ ತೋರಿಸಿದ್ದಾರೆ. ಎರಡನೇ ಸಾಲಿಗಿಂತ ಹಿಂದೆ ಕೂರಿಸಬಾರದು."

ಕಾಫಿ ಕುಯ್ಲು ಮುಗಿಯುತ್ತಿದ್ದಂತೆ ಲೈನ್‌ಮನೆಯ ಕೆಲವು ಕುಟುಂಬಗಳು ಬೇರೆ ಎಸ್ಟೇಟಿಗೋ ತಮ್ಮ ಊರಿಗೋ ಹೊರಟುಬಿಡುತ್ತವೆ, ಮಗುವಿನ ಪಾಠ ನಡುವೆಯೇ ನಿಲ್ಲುತ್ತದೆ. ಜನವರಿಯಲ್ಲೇ ಅಂಥ ಮಕ್ಕಳ ಪುಟವನ್ನು ಒಂದು ಹಾಳೆಗೆ ನಕಲು ಮಾಡಿಡಿ. ಸ್ಯಾಟ್ಸ್ ಸಂಖ್ಯೆ (ರಾಜ್ಯದ ದಾಖಲೆಯಲ್ಲಿ ಮಗುವಿನ ಗುರುತು ಸಂಖ್ಯೆ), ಮನೆಮಾತು, ನಲಿಕಲಿಯಲ್ಲಿ ಓದಿ ಮುಗಿಸಿದ ಮೈಲಿಗಲ್ಲು (ಪಾಠದ ಹಂತ), ಮೇಲಿನಂಥ ನಾಲ್ಕು ಸಾಲು. ಒಂದು ಪ್ರತಿ ಮುಖ್ಯ ಶಿಕ್ಷಕರ ಕಡತದಲ್ಲಿರಲಿ, ಇನ್ನೊಂದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ತಾಯಿಯ ಕೈಗೆ ಕೊಟ್ಟು, ಮುಂದಿನ ಶಾಲೆಯ ಟೀಚರಿಗೆ ತೋರಿಸಲು ಹೇಳಿ. ಹಾಳೆಯ ಕೆಳಗೆ ಶಾಲೆಯ ಫೋನ್ ನಂಬರ್ ಬರೆಯಿರಿ. ಕರೆ ಬಂದರೆ, ಹತ್ತು ಮತ್ತು ಬಿಡಿ ಎಲ್ಲಿಗೆ ನಿಂತಿದೆ ಎಂದು ಅಲ್ಲಿನವರಿಗೆ ನೀವೇ ಹೇಳಬಹುದು.